ಜೆಐಎ ಇರೋ ಟೀನೇಜ್ ಮಕ್ಕಳಿಗೆ ಸೆಲ್ಫ್ ಮ್ಯಾನೇಜ್‌ಮೆಂಟ್ ಕಲಿಸೋದು: ಪೋಸ್ಟಿಂಗ್ ಟಿಪ್ಪಣಿ

ಪೀಡಿಯಾಟ್ರಿಕ್ ಪೋಸ್ಟಿಂಗ್ (ಮಕ್ಕಳ ವಾರ್ಡ್ ತರಬೇತಿ) ಮುಗಿದು ಮೂರು ದಿನ ಆಯ್ತು, ಮರೆಯೋ ಮುಂಚೆ ಬರ್ಕೊಳ್ತಿದ್ದೀನಿ, ಬಿಎಸ್ಸಿ ನರ್ಸಿಂಗ್ ಓದ್ತಿರೋ ಬೇರೆಯವರಿಗೂ ಉಪಯೋಗ ಆಗ್ಬಹುದು.

ಬೇಸಿಕ್ಸ್

ಜೆಐಎ ಅಂದ್ರೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಮಕ್ಕಳಲ್ಲಿ ಕಾರಣ ಗೊತ್ತಿಲ್ಲದೆ ಬರೋ ಕೀಲಿನ ಉರಿಯೂತ. 16 ವರ್ಷದೊಳಗೆ ಶುರುವಾಗಿರ್ಬೇಕು, ಕನಿಷ್ಠ 6 ವಾರ ಇರ್ಬೇಕು, ಬೇರೆ ಕಾರಣ ಸಿಕ್ಕಿರಬಾರದು. ಮೊದಲ 6 ತಿಂಗಳಲ್ಲಿ 4 ಕೀಲಿನವರೆಗೆ ಆದ್ರೆ ಆಲಿಗೋ (ಕೆಲವೇ ಕೀಲು) ವಿಧ, 5 ಅಥವಾ ಜಾಸ್ತಿ ಆದ್ರೆ ಪಾಲಿ (ಹಲವು ಕೀಲು) ವಿಧ. ಒಟ್ಟು 7 ವಿಧ, ಉಳಿದಿದ್ದು ಪುಸ್ತಕದಲ್ಲಿ ಸರಿಯಾಗೇ ಇದೆ.

ನಾನು ಎಡವಿದ್ದು ಇಲ್ಲಿ

ಸೆಲ್ಫ್ ಮ್ಯಾನೇಜ್‌ಮೆಂಟ್ ಅಂದ್ರೆ ಮಗುನೇ ಎಲ್ಲಾ ನೋಡ್ಕೊಳ್ಳೋದು ಅಂದ್ಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಳು ಹುಡುಗಿಯ ಅಮ್ಮನಿಗೆ "ಇನ್ಮೇಲೆ ಮಾತ್ರೆ ಅವಳೇ ತಗೊಳ್ಲಿ ಬಿಡಿ ಅಮ್ಮ" ಅಂದ್ಬಿಟ್ಟೆ. ಸ್ಟಾಫ್ ಸಿಸ್ಟರ್ ಆಮೇಲೆ ಕರೆದು ಕೂರಿಸಿ ಹೇಳಿದ್ರು, ಕೈ ಬಿಡೋದು ಬೇರೆ, ಕೈ ದಾಟಿಸೋದು ಬೇರೆ ಅಂತ.

ದಾಟಿಸೋದು ನಾಲ್ಕು ಮೆಟ್ಟಿಲು. ಮೊದಲು ಅಮ್ಮ ಕೊಡ್ತಾರೆ, ಮಗಳು ನುಂಗ್ತಾಳೆ. ಆಮೇಲೆ ಮಗಳೇ ಸ್ಟ್ರಿಪ್ ತೆಗೆದು ಓದಿ ಎಣಿಸ್ತಾಳೆ, ಅಮ್ಮ ಪಕ್ಕದಲ್ಲಿ ನಿಂತು ನೋಡ್ತಾರೆ. ಮೂರನೇದರಲ್ಲಿ ಮಗಳು ತಗೊಂಡು ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕ್ತಾಳೆ, ಅಮ್ಮ ಮಾರನೇ ದಿನ ಕ್ಯಾಲೆಂಡರ್ ಮಾತ್ರ ನೋಡ್ತಾರೆ. ನಾಲ್ಕನೇದರಲ್ಲಿ ಮಾತ್ರೆ ಖಾಲಿ ಆಗೋ ಮುಂಚೆ ಹೇಳೋದು, ಬ್ಲಡ್ ಟೆಸ್ಟ್ ಡೇಟ್ ನೆನಪಿಡೋದು ಎಲ್ಲಾ ಮಗಳದ್ದೇ, ಅವಳು ಕೇಳಿದ್ರೆ ಅಮ್ಮ ಇದ್ದಾರೆ.

ಇಷ್ಟು ಅರ್ಥ ಆದ್ಮೇಲೂ ನಾನು "ಈ ಮಗು ಎಷ್ಟನೇ ಮೆಟ್ಟಿಲಲ್ಲಿದೆ" ಅಂತ ಹುಡುಕ್ತಾ ಇದ್ದೆ. ತಪ್ಪು. ಮೆಟ್ಟಿಲು ಮಗುವಿಗೆ ಅಲ್ಲ, ಕೆಲಸಕ್ಕೆ. ಅದೇ ಹುಡುಗಿ ವ್ಯಾಯಾಮದಲ್ಲಿ ನಾಲ್ಕನೇದರಲ್ಲಿ ಇದ್ಲು, ಬೆಳಿಗ್ಗೆ ಕೀಲು ಬಿಗಿ ಅಂತ ಅವಳೇ ಬೇಗ ಎದ್ದು ಬಿಸಿನೀರು ಸ್ನಾನ ಮಾಡಿ ಸ್ಟ್ರೆಚ್ ಮಾಡ್ತಿದ್ಲು, ಯಾರೂ ಹೇಳ್ಬೇಕಿರಲಿಲ್ಲ. ಜೆಐಎಗೆ ಕೊಡೋ ಮೆಥೋಟ್ರೆಕ್ಸೇಟ್ ಮಾತ್ರೆ ವಿಷಯದಲ್ಲಿ ಒಂದನೇದರಲ್ಲೇ ಇದ್ಲು, ಮಾತ್ರೆ ಹೆಸರೇ ಗೊತ್ತಿರಲಿಲ್ಲ. ಹಾಗಾಗಿ ಪ್ರತಿ ಕೆಲಸಕ್ಕೂ ಬೇರೆ ಬೇರೆ ಗುರುತು ಹಾಕ್ಕೊಳ್ಳಿ, ವ್ಯಾಯಾಮಕ್ಕೊಂದು, ಮಾತ್ರೆಗೊಂದು, ಡಾಕ್ಟರ್ ಹತ್ರ ಮಾತಾಡೋದಕ್ಕೊಂದು.

ಮೆಥೋಟ್ರೆಕ್ಸೇಟ್

ವಾರಕ್ಕೆ ಒಂದೇ ದಿನ. ದಿನಾ ತಗೊಂಡ್ರೆ ಪ್ರಾಣಕ್ಕೇ ಅಪಾಯ, ರಕ್ತಕಣಗಳು ಕುಸಿದು ಬಿಡುತ್ತೆ. ಯಾವ ದಿನ ಅಂತ ಮಗುನೇ ಆರಿಸ್ಲಿ. ಮಾರನೇ ದಿನ ಸ್ಕೂಲ್ ಇರಲ್ಲ, ವಾಕರಿಕೆ ಬಂದ್ರೂ ಮಲಗ್ಬಹುದು ಅಂತ ನಾನು ಶನಿವಾರ ರಾತ್ರಿ ಅಂದೆ, ಆದ್ರೆ ಅವರ ಮನೇಲಿ ಶನಿವಾರ ಒಪ್ಪತ್ತು, ರಾತ್ರಿ ಊಟನೇ ಇಲ್ಲ! ಮನೆ ರೂಢಿ ಕೇಳದೆ ದಿನ ಹೇಳ್ಬೇಡಿ. ಇದರ ಅಡ್ಡಪರಿಣಾಮ ಕಡಿಮೆ ಮಾಡೋಕೆ ಕೊಡೋ ವಿಟಮಿನ್ ಫೋಲಿಕ್ ಆಸಿಡ್ ಯಾವ ದಿನ ಅಂತ ಚೀಟೀಲಿ ಬರೆದಿರೋದನ್ನ ಮಗು ಕೈಲೇ ಓದಿಸಿ.

ಇನ್ನೊಂದು, ಮಕ್ಕಳು "ಆರು ಮಾತ್ರೆ" ಅಂತ ನೆನಪಿಟ್ಕೊಳ್ತಾರೆ, ಅದು ಸಾಲದು. 15 ಮಿಲಿಗ್ರಾಂ ಡೋಸ್ ಇದ್ರೆ 2.5ರದ್ದು 6 ಮಾತ್ರೆ ಸರಿ, ಮೆಡಿಕಲ್ ಸ್ಟೋರ್‌ನಲ್ಲಿ ಈ ಸಲ 7.5ರದ್ದು ಕೊಟ್ಟು ಅದನ್ನೂ 6 ನುಂಗಿದ್ರೆ 45 ಆಗೋಯ್ತು. ಬೇಕಾಗಿದ್ದು 2 ಮಾತ್ರ. ಹಾಗಾಗಿ ಎಣಿಕೆ ಅಲ್ಲ, ಮಿಲಿಗ್ರಾಂ ಬಾಯಿಪಾಠ ಮಾಡಿಸಿ. ಮರೆತ್ರೆ ಎರಡು ಡೋಸ್ ಸೇರಿಸಿ ತಗೊಳ್ಳೋ ಹಾಗಿಲ್ಲ, ಫೋನ್ ಮಾಡಿ ಕೇಳ್ಬೇಕು.

ಕೇಳೋ ರೀತಿ

"ಅರ್ಥ ಆಯ್ತಾ?" ಅಂದ್ರೆ ಎಲ್ರೂ "ಹೂಂ ಅಕ್ಕ" ಅಂತಾರೆ. "ಊರಿಂದ ಅಜ್ಜಿ ಬಂದು ಇದೇನು ಮಾತ್ರೆ ಪುಟ್ಟಾ ಅಂತ ಕೇಳಿದ್ರೆ ಏನ್ ಹೇಳ್ತೀಯ?" ಅಂತ ಕೇಳಿ. ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಇದೊಂದೇ ಪ್ರಶ್ನೆ. ಅಮ್ಮ ಉತ್ತರ ಕೊಡೋಕೆ ಬಂದ್ರೆ ಮೆಲ್ಲಗೆ ತಡೀರಿ. ಐದು ನಿಮಿಷ ಮಗು ಹತ್ರ ಒಬ್ಬರೇ ಮಾತಾಡೋ ಅವಕಾಶನೂ ಬೇಕು, ಈ ಔಷಧಿ ಮೇಲೆ ಇರುವಾಗ ಕುಡಿದ್ರೆ ಲಿವರ್‌ಗೆ, ಗರ್ಭ ನಿಂತ್ರೆ ಭ್ರೂಣಕ್ಕೆ ಅಪಾಯ ಅನ್ನೋದನ್ನ ಅಪ್ಪ ಅಮ್ಮನ ಮುಂದೆ ಯಾವ ಮಗುನೂ ಬಾಯಿಬಿಟ್ಟು ಕೇಳಲ್ಲ.

ಕೆನಡಾದಲ್ಲಿ ಟೀನ್ಸ್ ಟೇಕಿಂಗ್ ಚಾರ್ಜ್ ಅಂತ ಜೆಐಎ ಇರೋ ಟೀನೇಜ್ ಮಕ್ಕಳಿಗೆ 12 ವಾರದ ಇಂಟರ್ನೆಟ್ ಕಾರ್ಯಕ್ರಮ ಮಾಡಿದ್ರು, ಜೊತೆಗೆ ಫೋನಲ್ಲಿ ಕೋಚ್. 2010ರ ಪೈಲಟ್ ಅಧ್ಯಯನದಲ್ಲಿ 46 ಮಕ್ಕಳಿದ್ರು, ತಿಳುವಳಿಕೆ ಜಾಸ್ತಿ ಆಯ್ತು, ನೋವೂ ಇಳೀತು, ಆದ್ರೆ ಔಷಧಿ ತಪ್ಪದೆ ತಗೊಳ್ಳೋದ್ರಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಗೊತ್ತಿರೋದಕ್ಕೂ ಮಾಡೋದಕ್ಕೂ ಮಧ್ಯೆ ಆ ಮೆಟ್ಟಿಲುಗಳು ಇವೆ ಅಂತ ನನಗೆ ಇದನ್ನ ಓದಿದಾಗ ಗಟ್ಟಿಯಾಯ್ತು.

ಉಳಿದಿದ್ದು

ನೋವಿಲ್ಲದ ದಿನ ಎರಡು ಗಂಟೆ ಥ್ರೋಬಾಲ್ ಆಡಿ ಮೂರು ದಿನ ಮಲಗೋದಕ್ಕಿಂತ ದಿನಾ ಅರ್ಧ ಗಂಟೆ ಆಡೋದು ಒಳ್ಳೇದು. ಆಟ ಬಿಡಿಸ್ಬೇಡಿ.

ಕಣ್ಣಿನ ಚೆಕಪ್ ಜವಾಬ್ದಾರಿ ಎಲ್ಲಕ್ಕಿಂತ ಕೊನೆಗೆ ಮಗುವಿಗೆ ದಾಟಿಸಿ. ಜೆಐಎ ಜೊತೆ ಬರಬಹುದಾದ ಯುವಿಯೈಟಿಸ್ ಅನ್ನೋ ಕಣ್ಣಿನ ತೊಂದ್ರೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೇ ಉರಿಯೂತ ಇರಬಹುದು, ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪ್ ಅನ್ನೋ ಉಪಕರಣದಲ್ಲಿ ನೋಡಿದ್ರೇ ಗೊತ್ತಾಗೋದು. ಏನೂ ತೊಂದ್ರೆ ಇಲ್ಲದಾಗ ಹೋಗಿ ತೋರಿಸ್ಕೊಳ್ಳೋದು ಆ ವಯಸ್ಸಿನವರಿಗೆ ಕಷ್ಟ, ಆ ಡೇಟ್ ಮಾತ್ರ ಅಮ್ಮನ ಫೋನಲ್ಲೂ ಇರ್ಲಿ.