ಒಂದೇ ಫೈಬರ್, ಎರಡು ಅಳತೆ

ಒಂದೇ ಮಲ್ಟಿಮೋಡ್ (ಬೆಳಕು ಹಲವು ದಾರಿಗಳಲ್ಲಿ ಸಾಗುವ ಫೈಬರಿನ) ಲಿಂಕನ್ನು ಎರಡು ಟೆಸ್ಟರ್‌ಗಳಲ್ಲಿ ಅಳೆದಾಗ ಬೆಳಕಿನ ನಷ್ಟದ ಅಂಕಿ ಬೇರೆ ಬೇರೆ ಬರುವುದೂ, ಅದನ್ನೇ ಹಿಡಿದು ಗುತ್ತಿಗೆದಾರರು ಮತ್ತು ಗ್ರಾಹಕರು ವಾದಕ್ಕೆ ನಿಲ್ಲುವುದೂ ಕೇಬಲ್ ಕೆಲಸದಲ್ಲಿ ಹೊಸತಲ್ಲ. ಮೊದಲು ಕನೆಕ್ಟರ್ ಮುಖದ ಕೊಳೆಯನ್ನು ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಒರೆಸಿದ ಮೇಲೂ ವ್ಯತ್ಯಾಸ ಉಳಿದರೆ ಬೆಳಕು ಫೈಬರಿನೊಳಗೆ ಹೇಗೆ ಹೊಕ್ಕಿತು ಎಂದು ವಿಚಾರಿಸಬೇಕು.

ಫೈಬರಿನ ತಿರುಳಾದ 50 ಮೈಕ್ರಾನ್ ವ್ಯಾಸದ ಕೋರ್‌ನಲ್ಲಿ ಬೆಳಕು ನೂರಾರು ಮೋಡ್‌ಗಳಾಗಿ, ಎಂದರೆ ನೂರಾರು ದಾರಿಗಳಲ್ಲಿ, ಹಂಚಿಕೊಂಡು ಸಾಗುತ್ತದೆ. ಎಲ್‌ಇಡಿ ಮೂಲವು ಕೋರ್ ಅನ್ನು ಅಂಚಿನವರೆಗೂ ತುಂಬುತ್ತದೆ; ವಿಕ್ಸೆಲ್ ಲೇಸರ್ ಹೆಚ್ಚಾಗಿ ನಡುಭಾಗವನ್ನಷ್ಟೇ ಬೆಳಗುತ್ತದೆ. ಕನೆಕ್ಟರ್‌ನಲ್ಲಿ ಎರಡು ಕೋರ್‌ಗಳು ಕೆಲವೇ ಮೈಕ್ರಾನ್ ಆಚೀಚೆ ಕೂತಿದ್ದರೆ, ಅಂಚಿನ ಬೆಳಕು ಎದುರಿನ ಕೋರ್ ಸುತ್ತಲಿನ ಹೊದಿಕೆಯಾದ ಕ್ಲ್ಯಾಡಿಂಗ್‌ಗೆ ಬಿದ್ದು ಕಳೆದುಹೋಗುತ್ತದೆ, ನಡುವಿನ ಬೆಳಕಿಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ಎಲ್‌ಇಡಿಯಲ್ಲಿ ನಷ್ಟ ಹೆಚ್ಚಾಗಿಯೂ ಲೇಸರ್‌ನಲ್ಲಿ ಕಡಿಮೆಯಾಗಿಯೂ ಕಾಣುತ್ತದೆ, ಮತ್ತು ಎರಡು ಟೆಸ್ಟರ್‌ಗಳೂ ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು.

ಹಿಂದೆ ಇದನ್ನು ಕಡೆಗಣಿಸಬಹುದಾಗಿತ್ತು. ಈಗ ಒಎಂ3 ಎಂಬ ದರ್ಜೆಯ 50 ಮೈಕ್ರಾನ್ ಫೈಬರಿನ 300 ಮೀಟರ್‌ನಲ್ಲಿ 10 ಗಿಗಾಬಿಟ್ ಎಸ್‌ಆರ್ ಎಂಬ ಕಡಿಮೆ ದೂರದ ಈಥರ್ನೆಟ್ ಲಿಂಕಿಗೆ ಇರುವ ಒಟ್ಟು ನಷ್ಟದ ಅವಕಾಶ 2.6 ಡೆಸಿಬೆಲ್, 40 ಗಿಗಾಬಿಟ್ ಎಸ್‌ಆರ್4ಗೆ 100 ಮೀಟರ್‌ನಲ್ಲಿ 1.9 ಮಾತ್ರ. ಇಷ್ಟು ಇಕ್ಕಟ್ಟಿನಲ್ಲಿ ಡೆಸಿಬೆಲ್‌ನ ಒಂದೆರಡು ದಶಾಂಶವೇ ಪಾಸು ಫೇಲನ್ನು ತೀರ್ಮಾನಿಸಿಬಿಡುತ್ತದೆ. ಟೆಸ್ಟರ್‌ನಿಂದ ಲಿಂಕಿಗೆ ಬೆಳಕು ಹಾಯಿಸುವ ಲಾಂಚ್ ಕಾರ್ಡನ್ನು 20 ಮಿಲಿಮೀಟರ್ ಆಸುಪಾಸಿನ ಉರುಳೆಗೆ ಐದು ಸುತ್ತು ಸುತ್ತಿ ಅಂಚಿನ ಮೋಡ್‌ಗಳನ್ನು ಸೋಸುವ ಹಳೆಯ ಪದ್ಧತಿ ಒಳ್ಳೆಯದೇ, ಆದರೆ ಮೂಲದ ಸ್ವಭಾವ ಬದಲಾದಂತೆ ಅದರ ಫಲವೂ ಬದಲಾಗುತ್ತದೆ. ಎನ್‌ಸರ್ಕಲ್ಡ್ ಫ್ಲಕ್ಸ್ ಎಂಬ ನಿಯಮ ಹುಟ್ಟಿದ್ದು ಇದೇ ಕಾರಣಕ್ಕೆ: ಲಾಂಚ್ ಕಾರ್ಡಿನ ತುದಿಯಲ್ಲಿ ಕೇಂದ್ರದಿಂದ 10, 15, 20, 22 ಮೈಕ್ರಾನ್ ತ್ರಿಜ್ಯದೊಳಗೆ ಒಟ್ಟು ಬೆಳಕಿನ ಎಷ್ಟು ಪಾಲಿರಬೇಕೆಂದು, 50 ಮೈಕ್ರಾನ್ ಫೈಬರಿಗೆ 850 ನ್ಯಾನೊಮೀಟರ್‌ನಲ್ಲಿ, ಅದು ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಹಾಕುತ್ತದೆ. ಆ ಮಿತಿಗೆ ಹೊಂದಿಸಿದ ಕಾರ್ಡ್ ಟೆಸ್ಟರ್‌ನ ಅಂಗವೇ ಸರಿ. ಅದು ಹಾಳಾಯಿತೆಂದು ಡಬ್ಬದಲ್ಲಿರುವ ಯಾವುದೋ ಪ್ಯಾಚ್ ಕಾರ್ಡನ್ನು ಸಿಕ್ಕಿಸುವವರು ನಿಯಮವನ್ನೇ ಕಳಚಿಟ್ಟಂತೆ.

ಬೆಳಕು ಹೊಗುವ ಬಗೆಯಿಂದ ಬ್ಯಾಂಡ್‌ವಿಡ್ತ್ ಕೂಡ ಬದಲಾಗುತ್ತದೆ. 850 ನ್ಯಾನೊಮೀಟರ್‌ನಲ್ಲಿ ಒಎಂ3ಗೆ ಕೋರ್ ತುಂಬಿದಾಗ 1500, ಲೇಸರ್‌ಗೆ 2000 ಮೆಗಾಹರ್ಟ್ಸ್-ಕಿಲೋಮೀಟರ್ ಎಂದು ಎರಡು ಕನಿಷ್ಠ ಅಂಕಿಗಳಿರುವುದು ಇದರಿಂದಲೇ. ಹಳೆಯ 62.5 ಮೈಕ್ರಾನ್ ಫೈಬರಿನಲ್ಲಿ ಕತೆ ತಿರುವುಮುರುವು. ತಯಾರಿಕೆಯ ವೇಳೆ ಅನೇಕ ಫೈಬರ್‌ಗಳ ನಟ್ಟನಡುವೆ ವಕ್ರೀಭವನಾಂಕ ತುಸು ಕುಸಿದಿರುತ್ತಿತ್ತು. ಗಿಗಾಬಿಟ್ ಎಲ್‌ಎಕ್ಸ್ ಎಂಬ ಹೆಚ್ಚು ದೂರದ ಈಥರ್ನೆಟ್ ಲಿಂಕಿನ ಲೇಸರ್ ಅಲ್ಲಿಗೇ ಹೊಕ್ಕರೆ ಸ್ಪಂದನ ಒಡೆದು ಹರಡುತ್ತಿತ್ತು. ಕೇಂದ್ರದಿಂದ 17ರಿಂದ 23 ಮೈಕ್ರಾನ್ ಸರಿಸಿ ಬೆಳಕು ಹಾಯಿಸುವ ಮೋಡ್ ಕಂಡೀಷನಿಂಗ್ ಕಾರ್ಡ್ ಅದಕ್ಕೆ ಮದ್ದು. ಅದರ ಸಿಂಗಲ್‌ಮೋಡ್ (ಬೆಳಕಿಗೆ ಒಂದೇ ದಾರಿಯ) ಎಳೆ ಟ್ರಾನ್ಸ್‌ಮಿಟರ್‌ಗೇ ಸೇರಬೇಕು. ರಿಸೀವರ್‌ಗೆ ಸಿಕ್ಕಿಸಿದರೆ ಉಪಯೋಗವಿಲ್ಲ.

ಮಲ್ಟಿಮೋಡ್ ಪರೀಕ್ಷಾ ವರದಿ ಕೈಗೆ ಬಂದಾಗ ನಾನು ಡೆಸಿಬೆಲ್‌ಗಿಂತ ಮೊದಲು ಹುಡುಕುವುದು ಮೂಲ ಯಾವುದು, ಲಾಂಚ್ ಕಾರ್ಡ್ ಯಾವುದು, ರೆಫರೆನ್ಸ್ (ಲಿಂಕ್ ಜೋಡಿಸುವ ಮೊದಲಿನ ಸೊನ್ನೆ ಅಳತೆ) ಯಾವ ವಿಧಾನದಲ್ಲಿ ತೆಗೆದದ್ದು ಎಂಬುದನ್ನು. ಈ ಮೂರೂ ಬರೆದಿಲ್ಲದ ವರದಿಯನ್ನು ಮರುಪರೀಕ್ಷೆಗೆ ಹಿಂದಿರುಗಿಸುತ್ತೇನೆ.