ರೆಮಿಡಿಯಲ್ ಕ್ಲಾಸ್ ಅಂದರೆ ಏನು, ಯಾರಿಗೆ, ಯಾವಾಗ?

ಕಾಲೇಜಿನ ಪಾಠ ಹಿಡಿಯಲು ಶಾಲೆಯಲ್ಲಿ ಕಲಿತದ್ದು ಸಾಲದೆ ಬಂದಾಗ, ಆ ಕೊರತೆ ತುಂಬಲು ನಡೆಸುವ ತರಗತಿಯೇ ರೆಮಿಡಿಯಲ್ ಕ್ಲಾಸ್. ಪರಿಹಾರ ಬೋಧನೆ ಎಂದೂ ಕರೆಯುತ್ತಾರೆ. ಬ್ರಿಡ್ಜ್ ಕೋರ್ಸ್ ಬೇರೆ. ಅದು ಪಾಠ ಶುರುವಾಗುವ ಹೊತ್ತಿಗೆ ಎಲ್ಲರಿಗೂ ನಡೆಯುತ್ತದೆ, ಶಾಲೆಗಳ ಸೇತುಬಂಧದ ಹಾಗೆ. ರೆಮಿಡಿಯಲ್ ಬೇಕಾದವರಿಗೆ ಮಾತ್ರ.

ಬೇಕಾದವರು ಯಾರು? ಕೆ.ಆರ್.ಪೇಟೆ ಕಡೆಯ ಹಳ್ಳಿಯಿಂದ, ಕನ್ನಡ ಮಾಧ್ಯಮದಲ್ಲಿ ಓದಿ, ಮೈಸೂರಿನಲ್ಲಿ ಬಿ.ಕಾಂ. ಸೇರಿದ ಹುಡುಗಿಯನ್ನು ನೆನೆಸಿಕೊಳ್ಳಿ. ಲೆಕ್ಕ ಅವಳಿಗೆ ಬರುತ್ತದೆ. ಇಂಗ್ಲಿಷ್ ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತ ಹುಡುಗನಿಗೆ ಇಂಗ್ಲಿಷ್ ಸಲೀಸು, ಆದರೆ ಶೇಕಡಾ, ಭಿನ್ನರಾಶಿ ಗಟ್ಟಿಯಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಅದೇ ನೋಟ್ಸ್ ಮತ್ತೆ ಓದಿಸಿದರೆ ಇಬ್ಬರಿಗೂ ಉಪಯೋಗವಿಲ್ಲ. ಯಾರಿಗೆ ಎಲ್ಲಿ ಎಡವುತ್ತದೆ ಎಂದು ಮೊದಲು ನೋಡಬೇಕು. ಇವರನ್ನು ‘ಸ್ಲೋ ಲರ್ನರ್’ ಎಂದು ಕರೆಯುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಹೆಸರಿನ ಪಟ್ಟಿ ನೋಟಿಸ್ ಬೋರ್ಡ್‌ಗೆ ಬಂದರೆ ಮಕ್ಕಳು ತರಗತಿಗೆ ಬರಲೇ ಹಿಂಜರಿಯುತ್ತಾರೆ.

ಇನ್ನು ಯಾವಾಗ ಕೊಡಬೇಕು ಎಂಬುದು. ಅಮೆರಿಕದ ಕಾಲೇಜುಗಳಲ್ಲಿ ಬಹಳ ಕಾಲ ಒಂದು ಪದ್ಧತಿಯಿತ್ತು: ಮೊದಲು ರೆಮಿಡಿಯಲ್ ಗಣಿತ ಪಾಸಾಗಬೇಕು, ಆಮೇಲೆ ಪದವಿಯ ಗಣಿತ. ಎಷ್ಟೋ ಮಂದಿ ಆ ಮೊದಲ ಮೆಟ್ಟಿಲಲ್ಲೇ ಓದು ಬಿಟ್ಟರು. 2013ರಲ್ಲಿ ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಮೂರು ಕಾಲೇಜುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ರೆಮಿಡಿಯಲ್ ಬೀಜಗಣಿತ ಬೇಕಿದ್ದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಬರೀ ಬೀಜಗಣಿತ ಕಲಿತವರಲ್ಲಿ ಸುಮಾರು ಶೇ 39 ಮಂದಿ ಪಾಸಾದರು. ಅದರ ಜೊತೆ ವಾರಕ್ಕೊಮ್ಮೆ ನೆರವಿನ ತರಗತಿ ಸಿಕ್ಕವರಲ್ಲಿ ಶೇ 45. ನೇರವಾಗಿ ಪದವಿ ಮಟ್ಟದ ಸಂಖ್ಯಾಶಾಸ್ತ್ರಕ್ಕೇ ಕೂತು, ಜೊತೆಗೆ ನೆರವು ಪಡೆದವರಲ್ಲಿ ಶೇ 56. ಮುಂದೆ ಪದವಿ ಮುಗಿಸಿದವರೂ ಈ ಕೊನೆಯ ಗುಂಪಿನಲ್ಲೇ ಜಾಸ್ತಿ. ಮಕ್ಕಳನ್ನು ತಡೆದು ನಿಲ್ಲಿಸುವುದಕ್ಕಿಂತ ಪಾಠದ ಜೊತೆಜೊತೆಗೇ ಕೈಹಿಡಿಯುವುದು ಫಲ ಕೊಟ್ಟಿತು.

ನಮ್ಮಲ್ಲಿ ಆ ತಡೆ ಇಲ್ಲ, ಎಲ್ಲರೂ ಮೊದಲ ದಿನದಿಂದಲೇ ಪದವಿ ಪಾಠಕ್ಕೆ ಕೂರುತ್ತಾರೆ. ಇದು ಒಳ್ಳೆಯದೇ. ಆದರೆ ನೆರವು ತಡವಾಗಿ ಬರುತ್ತದೆ. ಇಂಟರ್ನಲ್ಸ್, ಅಂದರೆ ಕಾಲೇಜಿನ ಒಳಗಿನ ಪರೀಕ್ಷೆಯ ಅಂಕ ಕೈಗೆ ಬಂದ ಮೇಲೆ, ಕೆಲವು ಕಡೆ ವಿಷಯ ಫೇಲಾಗಿ ಬ್ಯಾಕ್ ಉಳಿದ ಮೇಲೆ ರೆಮಿಡಿಯಲ್ ಶುರುವಾದರೆ, ಅಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ. ಅದೂ ಸಂಜೆ ನಾಲ್ಕರ ಮೇಲೆ ಇಟ್ಟರೆ? ಮಳವಳ್ಳಿ, ನಾಗಮಂಗಲದ ಹಳ್ಳಿಗಳಿಂದ ಮಂಡ್ಯಕ್ಕೆ ಬಂದುಹೋಗುವವರು ಊರಿನ ಬಸ್ ಬಿಟ್ಟು ಕೂರಲು ಆಗಲ್ಲ ಅಲ್ವಾ? ಹಾಜರಿ ಕಡಿಮೆಯಾಗುತ್ತದೆ, ಮಕ್ಕಳಿಗೆ ಆಸಕ್ತಿಯಿಲ್ಲ ಎಂಬ ಮಾತು ಬರುತ್ತದೆ.

ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ರೆಮಿಡಿಯಲ್ ಕ್ಲಾಸ್ ಇದೆಯಾ ಎಂದಷ್ಟೇ ಕೇಳಬೇಡಿ. ಯಾವ ವಾರ ಶುರುವಾಗುತ್ತದೆ, ಟೈಮ್ ಟೇಬಲ್ ಒಳಗೇ ಇದೆಯಾ ಎಂದೂ ಕೇಳಿ.