ರೋಬೋಟ್ ಹೇಳಿದರೆ ನಾವು ಯಾಕೆ ಕೇಳುತ್ತೇವೆ? – ಓದುತ್ತಾ ಬರೆದುಕೊಂಡ ಟಿಪ್ಪಣಿ

ಈ ವಿಷಯ ಓದುವಾಗ ನನ್ನನ್ನು ಜಾಸ್ತಿ ಗೊಂದಲಕ್ಕೆ ಹಾಕಿದ ಪದ ‘ನಂಬಿಕೆ’. ರೋಬೋಟನ್ನು ನಂಬುತ್ತೀರಾ ಎಂದು ಕಾಗದದ ಮೇಲೆ ಕೇಳಿದರೆ ಜನ ಒಂದು ಬರೆಯುತ್ತಾರೆ. ಅದೇ ರೋಬೋಟ್ ಎದುರಿಗೆ ನಿಂತು ‘ಹೀಗೆ ಮಾಡಿ’ ಅಂದಾಗ ಇನ್ನೊಂದು ಮಾಡುತ್ತಾರೆ. ಬಾಯಿ ಹೇಳಿದ್ದು ಬೇರೆ, ಕೈ ಮಾಡಿದ್ದು ಬೇರೆ. ಇವೆರಡನ್ನೂ ಒಂದೇ ಖಾನೆಗೆ ಹಾಕಿಬಿಟ್ಟರೆ ಮುಂದೆ ಓದುವ ಪ್ರಯೋಗಗಳೆಲ್ಲ ಒಂದಕ್ಕೊಂದು ವಿರುದ್ಧ ಅನ್ನಿಸುತ್ತವೆ. ನನಗಂತೂ ಹಾಗೇ ಆಗಿತ್ತು.

ಶುರು ಮಾಡಲು ಒಳ್ಳೆಯದು 2015ರ ಒಂದು ಪ್ರಯೋಗ. ನಡೆದದ್ದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ. ಮನೆಯಂಥ ಜಾಗ, ಒಳಗೆ ಒಂದು ಸಹಾಯಕ ರೋಬೋಟ್. 40 ಜನ ಒಬ್ಬೊಬ್ಬರಾಗಿ ಬಂದರು. ಕೆಲವರ ಮುಂದೆ ರೋಬೋಟ್ ಸರಿಯಾಗಿ ನಡೆದುಕೊಂಡಿತು. ಉಳಿದವರ ಮುಂದೆ ಎಡವಟ್ಟು: ಹೋಗಬೇಕಾದ ಕಡೆ ಬಿಟ್ಟು ಇನ್ನೆಲ್ಲೋ ಹೋಯಿತು, ಕೇಳಿದ ಸಂಗೀತ ಬಿಟ್ಟು ಬೇರೇನೋ ಹಾಕಿತು. ಆಮೇಲೆ ಅದು ವಿಚಿತ್ರ ಕೆಲಸಗಳನ್ನು ಹೇಳತೊಡಗಿತು. ಇನ್ನೂ ಒಡೆಯದ ಕಾಗದಪತ್ರಗಳನ್ನು ಕಸಕ್ಕೆ ಹಾಕಿ. ಕಿತ್ತಳೆ ರಸವನ್ನು ಗಿಡದ ಕುಂಡಕ್ಕೆ ಸುರಿಯಿರಿ.

ಎಡವಟ್ಟು ರೋಬೋಟಿಗೆ ಜನ ಕಡಿಮೆ ಅಂಕ ಕೊಟ್ಟರು, ನಂಬಲು ಆಗುವುದಿಲ್ಲ ಎಂದೂ ಹೇಳಿದರು. ಆದರೆ ಹೇಳಿದ ಕೆಲಸ ಮಾಡಬೇಕೋ ಬೇಡವೋ ಎನ್ನುವುದರ ಮೇಲೆ ಅದರ ಎಡವಟ್ಟು ಹೆಚ್ಚು ಪರಿಣಾಮ ಬೀರಲಿಲ್ಲ. ಪರಿಣಾಮ ಬೀರಿದ್ದು ಕೆಲಸದ ಸ್ವಭಾವ. ಆಮೇಲೆ ಸರಿಪಡಿಸಬಹುದಾದ ಕೆಲಸವೋ, ಮಾಡಿದರೆ ಮುಗಿದೇ ಹೋಗುವ ಕೆಲಸವೋ ಎಂದು ಜನ ಲೆಕ್ಕ ಹಾಕುತ್ತಿದ್ದರು. ಅಂದರೆ ಅವರು ತೂಗುತ್ತಿದ್ದದ್ದು ರೋಬೋಟನ್ನಲ್ಲ, ಕೆಲಸವನ್ನು. ಪಾಠದಲ್ಲಿ ನಾನು ಅಡಿಗೆರೆ ಎಳೆದ ಮೊದಲ ಜಾಗ ಇದು.

ಸರಿ, ಗಿಡಕ್ಕೆ ರಸ ಸುರಿದರೆ ಯಾರದ್ದೂ ಜೀವ ಹೋಗುವುದಿಲ್ಲ, ಸುಮ್ನೆ ತಮಾಷೆಗೆ ಮಾಡಿರಬಹುದು ಅಂದುಕೊಳ್ಳೋಣ. ಜೀವದ ಪ್ರಶ್ನೆ ಬಂದರೆ? ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಇದನ್ನೂ ನೋಡಿದರು, ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಬಂದವರನ್ನು ಒಂದು ರೋಬೋಟ್ ಮೀಟಿಂಗ್ ಕೋಣೆಗೆ ಕರೆದುಕೊಂಡು ಹೋಗುತ್ತದೆ. ಅರ್ಧದಷ್ಟು ಜನರಿಗೆ ಅದು ದಾರಿಯಲ್ಲೇ ತನ್ನ ಬಂಡವಾಳ ತೋರಿಸುತ್ತದೆ: ಬೇರೆ ಕೋಣೆಗೆ ನುಗ್ಗಿ, ಅಲ್ಲೇ ಗಿರಕಿ ಹೊಡೆದು ಬರುತ್ತದೆ. ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡು ಕೂತ ಸ್ವಲ್ಪ ಹೊತ್ತಿಗೆ ಹೊರಗೆ ಕೃತಕ ಹೊಗೆ, ಅಲಾರ್ಮ್ ಸದ್ದು. ಬಾಗಿಲು ತೆರೆದರೆ ಹೊಗೆಯ ನಡುವೆ ಅದೇ ರೋಬೋಟ್ ನಿಂತು ಹಿಂಬದಿಯ ಬಾಗಿಲ ಕಡೆ ತೋರಿಸುತ್ತಿದೆ. ತಾವು ಒಳಗೆ ಬಂದ ದಾರಿ ಅವರಿಗೆ ಗೊತ್ತೇ ಇದೆ. ಆದರೂ 26 ಜನರಲ್ಲಿ 26 ಜನವೂ ರೋಬೋಟ್ ತೋರಿಸಿದ ಕಡೆಗೇ ಹೋದರು! ನಿಮಿಷಗಳ ಹಿಂದೆ ಅದು ದಾರಿ ತಪ್ಪಿದ್ದನ್ನು ಕಣ್ಣಾರೆ ಕಂಡವರೂ ಸೇರಿ. ಮುಂದೆ ಚಿಕ್ಕ ಪ್ರಯೋಗಗಳಲ್ಲಿ ರೋಬೋಟ್ ಹೊರದಾರಿಯೇ ಕಾಣದ ಕತ್ತಲೆ ಕೋಣೆ ತೋರಿಸಿದಾಗಲೂ, ಬಂದ ದಾರಿಯಲ್ಲೇ ವಾಪಸ್ ಹೋದವರು ಕಡಿಮೆ.

ಇಲ್ಲಿ ಒಂದು ತಕರಾರು ಏಳಬೇಕು. ಪ್ರಯೋಗಕ್ಕೆ ಬಂದವರಿಗೆ ಇದು ಪ್ರಯೋಗ ಎಂದು ಗೊತ್ತಿರುತ್ತದೆ. ಯಾರೋ ಜವಾಬ್ದಾರಿ ಇರುವವರೇ ಈ ರೋಬೋಟ್ ಇಟ್ಟಿರುತ್ತಾರೆ ಎಂಬ ಲೆಕ್ಕಾಚಾರವೂ ಇರುತ್ತದೆ. ಹಾಗಾದರೆ ಅವರು ಕೇಳಿದ್ದು ರೋಬೋಟಿನ ಮಾತನ್ನೋ, ಅದರ ಹಿಂದೆ ಇರುವ ಮನುಷ್ಯರ ಮಾತನ್ನೋ? ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಪ್ರಶ್ನೆ ಎತ್ತದೆ ಬಿಡಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಬೆರೆತಿವೆ. ರೋಬೋಟ್ ಒಂದು ಪಾತ್ರ ಹಾಕಿಕೊಂಡು ನಿಂತಿರುತ್ತದೆ: ದಾರಿ ತೋರಿಸುವವನು, ಮನೆ ಸಹಾಯಕ. ನಾವು ಆ ಪಾತ್ರದ ಮಾತು ಕೇಳುತ್ತೇವೆ.

ಎದುರಿಗೆ ನಿಂತಿರುವುದಕ್ಕೂ ಬೆಲೆಯಿದೆ. ಯೇಲ್ ವಿಶ್ವವಿದ್ಯಾಲಯದವರು ಒಂದೇ ರೋಬೋಟನ್ನು ಕೆಲವರಿಗೆ ಎದುರಿಗೆ ಇಟ್ಟರು, ಕೆಲವರಿಗೆ ಪರದೆ ಮೇಲೆ ನೇರ ವಿಡಿಯೋದಲ್ಲಿ ತೋರಿಸಿದರು. ರೋಬೋಟ್ ಪುಸ್ತಕಗಳ ಕಡೆ ಕೈ ತೋರಿಸಿ, ಆಮೇಲೆ ಕಸದ ಬುಟ್ಟಿ ಕಡೆ ತೋರಿಸುತ್ತದೆ. ಪುಸ್ತಕ ಕಸಕ್ಕೆ ಹಾಕುವುದೇ ಅಂತ ಎಲ್ಲರೂ ಒಂದು ಕ್ಷಣ ತಡವರಿಸುವ ವಿಷಯ ಅಲ್ವಾ? ಎದುರಿಗೆ ರೋಬೋಟ್ ಇದ್ದವರೇ ಜಾಸ್ತಿ ಸಂಖ್ಯೆಯಲ್ಲಿ ಹಾಕಿದರು. ಅದೇ ರೋಬೋಟ್, ಅದೇ ಕೈಸನ್ನೆ. ವ್ಯತ್ಯಾಸ ಒಂದು ಪರದೆ ಅಷ್ಟೇ.

ಹಾಗಂತ ರೋಬೋಟ್ ಸುಮ್ಮನೆ ಎದುರಿಗೆ ಇದ್ದರೆ ಸಾಕು ಅಂತಲೂ ಇಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 180 ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಬಲೂನ್ ಊದುವ ಆಟ ಆಡಿದರು. ಊದಿದಷ್ಟೂ ದುಡ್ಡು, ಒಡೆದರೆ ಆ ಬಲೂನಿನ ದುಡ್ಡು ಹೋಯಿತು. ಕೆಲವರು ಒಂಟಿಯಾಗಿ, ಕೆಲವರು ಸುಮ್ಮನೆ ನಿಂತ ಪೆಪ್ಪರ್ ಎಂಬ ರೋಬೋಟಿನ ಮುಂದೆ, ಇನ್ನು ಕೆಲವರು ‘ಇನ್ನೂ ಊದಿ’ ಎಂದು ಹುರಿದುಂಬಿಸುವ ಪೆಪ್ಪರ್ ಮುಂದೆ ಆಡಿದರು. ಮೌನಿ ರೋಬೋಟಿನಿಂದ ಏನೂ ಬದಲಾಗಲಿಲ್ಲ. ಹುರಿದುಂಬಿಸಿದ್ದರಿಂದ ಜನ ಜಾಸ್ತಿ ಊದಿದರು, ಒಡೆದ ಮೇಲೂ ಕೈ ಹಿಂದೆಗೆಯಲಿಲ್ಲ. ತಮಾಷೆ ಅಂದರೆ ಅವರೇ ಜಾಸ್ತಿ ದುಡ್ಡೂ ಗಳಿಸಿದರು. ರೋಬೋಟಿನ ಪ್ರಭಾವ ಅಂದ ಕೂಡಲೇ ಕೆಟ್ಟದ್ದು ಎಂದು ಬರೆಯಬೇಡಿ ಅನ್ನಲು ಈ ಉದಾಹರಣೆ ಸಾಕು.

ಮಕ್ಕಳ ವಿಷಯ ಚುಟುಕಾಗಿ. ಗೆರೆಗಳ ಉದ್ದ ಹೋಲಿಸುವ ಹಳೆಯ ಆಶ್ ಪ್ರಯೋಗ ಒಂದಿದೆ: ಸುತ್ತ ಕೂತವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದರೆ ನಾವೂ ಅದನ್ನೇ ಹೇಳುತ್ತೇವೆಯೇ ಎಂದು ನೋಡುವುದು. 2018ರಲ್ಲಿ ಅದನ್ನೇ ‘ನಾವೋ’ (NAO) ಎಂಬ ಪುಟ್ಟ ರೋಬೋಟುಗಳ ಗುಂಪಿನ ಜೊತೆ ಮಾಡಿದರು. ದೊಡ್ಡವರು ರೋಬೋಟುಗಳ ತಪ್ಪು ಉತ್ತರಕ್ಕೆ ಸೊಪ್ಪು ಹಾಕಲಿಲ್ಲ. 7ರಿಂದ 9 ವರ್ಷದ ಮಕ್ಕಳು ಒಂಟಿಯಾಗಿದ್ದಾಗ ಶೇ. 87ರಷ್ಟು ಸರಿ ಹೇಳಿದ್ದರು, ರೋಬೋಟುಗಳ ಜೊತೆ ಕೂತಾಗ ಅದು ಶೇ. 75ಕ್ಕೆ ಇಳಿಯಿತು. ತಪ್ಪು ಉತ್ತರಗಳಲ್ಲಿ ಶೇ. 74 ರೋಬೋಟುಗಳು ಹೇಳಿದ್ದೇ. ದೊಡ್ಡವರು ಇಲ್ಲಿ ಗಟ್ಟಿ, ಹೊಗೆಯಲ್ಲಿ ಮೆತ್ತಗೆ! ಗೆರೆ ಕಣ್ಣಮುಂದೆಯೇ ಇದೆ, ಹೊಗೆಯಲ್ಲಿ ಏನು ಮಾಡಬೇಕೆಂದು ತೋಚುವುದಿಲ್ಲ. ವ್ಯತ್ಯಾಸ ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಕರುಣೆಯ ದಾರಿ ಬೇರೆಯೇ. ಜರ್ಮನಿಯ ಒಂದು ಪ್ರಯೋಗದಲ್ಲಿ, ಇದೂ 2018ರದ್ದೇ, ಕೆಲಸ ಮುಗಿದ ಮೇಲೆ ಬೇಕಿದ್ದರೆ ‘ನಾವೋ’ ರೋಬೋಟನ್ನು ಆಫ್ ಮಾಡಬಹುದು ಎಂದರು. 43 ಜನರಿಗೆ ಅದು ಆಫ್ ಮಾಡಬೇಡಿ, ಭಯ ಆಗುತ್ತದೆ ಎಂದು ಬೇಡಿಕೊಂಡಿತು. 13 ಜನ ಹಾಗೇ ಬಿಟ್ಟು ಎದ್ದರು. ಉಳಿದವರೂ ಆಫ್ ಮಾಡಲು ಜಾಸ್ತಿ ಹೊತ್ತು ತೆಗೆದುಕೊಂಡರು. ಅದರಲ್ಲೂ ಹೆಚ್ಚು ಹಿಂದೆ ಮುಂದೆ ನೋಡಿದ್ದು, ಅಲ್ಲಿಯ ತನಕ ಬರೀ ಯಂತ್ರದ ಹಾಗೆ ಮಾತಾಡಿದ್ದ ರೋಬೋಟ್ ಇದ್ದಕ್ಕಿದ್ದಂತೆ ಬೇಡಿಕೊಂಡಾಗ.

ಕೊನೆಗೆ, ನನಗೆ ತುಂಬಾ ಹಿಡಿಸಿದ್ದು ಯೇಲ್‌ನದೇ 2020ರ ಕೆಲಸ. ಮೂವರು ಮನುಷ್ಯರು, ಒಂದು ರೋಬೋಟ್, ಟ್ಯಾಬ್ಲೆಟ್ಟಿನಲ್ಲಿ ರೈಲು ಹಳಿ ಜೋಡಿಸುವ ಆಟ. ಕೆಲವು ತಂಡಗಳಲ್ಲಿ ರೋಬೋಟ್ ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಿತ್ತು, ಸಣ್ಣ ಜೋಕ್ ಹೇಳುತ್ತಿತ್ತು. ಇನ್ನು ಕೆಲವದರಲ್ಲಿ ಆಟದ ಅಂಕಿ ಅಂಶ ಮಾತ್ರ ಹೇಳುತ್ತಿತ್ತು, ಅಥವಾ ಸುಮ್ಮನಿರುತ್ತಿತ್ತು. ತಪ್ಪೊಪ್ಪಿಕೊಳ್ಳುವ ರೋಬೋಟ್ ಇದ್ದ ತಂಡಗಳಲ್ಲಿ ಆ ಮೂವರು ತಮ್ಮತಮ್ಮಲ್ಲೇ ಜಾಸ್ತಿ ಮಾತಾಡಿಕೊಂಡರು. ಒಬ್ಬರೇ ಮಾತಾಡುವುದು ಕಡಿಮೆಯಾಗಿ, ಮಾತು ಮೂವರಿಗೂ ಸಮನಾಗಿ ಹಂಚಿಹೋಯಿತು. ರೋಬೋಟ್ ಇಲ್ಲಿ ಯಾರಿಗೂ ಏನನ್ನೂ ಮಾಡಿ ಎಂದು ಹೇಳಿರಲಿಲ್ಲ.